ಜರಡಿ ಹೇಳದ ರುಚಿ

ಗಾಂಧಿ ಬಜಾರಿನ ಕಾಫಿಪುಡಿ ಅಂಗಡಿಗಳ ಮುಂದೆ ಸಂಜೆ ಹೊತ್ತು ನಿಂತವರಿಗೆ ಈ ಪ್ರಶ್ನೆ ಗೊತ್ತಿರುತ್ತೆ. "ಪೀಬೆರಿ ಎಷ್ಟು, ಪ್ಲಾಂಟೇಶನ್ ಎಷ್ಟು, ಚಿಕೋರಿ ಎಷ್ಟು ಸಾರ್?" ಹಿಂದೆ ಸಾಲಲ್ಲಿ ನಿಂತವರು ಅವಸರದಲ್ಲಿರ್ತಾರೆ, ಯೋಚನೆ ಮಾಡೋಕೆ ಟೈಮಿಲ್ಲ. ನಾನು ಬೆಂಗಳೂರಿಗೆ ಕೆಲಸಕ್ಕೆ ಬಂದ ಹೊಸದರಲ್ಲಿ ಕಣ್ಣುಮುಚ್ಚಿ "ಪ್ಲಾಂಟೇಶನ್ ಎ" ಅಂತಿದ್ದೆ. ಎ ಅಂದ್ರೆ ಫಸ್ಟ್ ಕ್ಲಾಸು, ಬಿ ಅಂದ್ರೆ ಸೆಕೆಂಡ್ ಕ್ಲಾಸು. ಮಾರ್ಕ್ಸ್ ಕಾರ್ಡ್ ನೋಡಿಕೊಂಡೇ ಬೆಳೆದವರಿಗೆ ಇನ್ನೇನು ಹೊಳೆಯಬೇಕು?

ಆಮೇಲೆ ಸಂಬಳ ಸ್ವಲ್ಪ ಏರಿತು, ಇಂದಿರಾನಗರದ ಕಡೆ ಓಡಾಟ ಶುರುವಾಯ್ತು. ಅಲ್ಲೊಂದು ಕೆಫೆಯಲ್ಲಿ ಕಂದು ಕಾಗದದ ಪೊಟ್ಟಣದ ಮೇಲೆ ದೊಡ್ಡಕ್ಷರದಲ್ಲಿ 'ಎಎ' ಅಂತ ಬರೆದಿತ್ತು. ಬೆಲೆ ನಮ್ಮ ಮಾಮೂಲಿ ಪುಡಿಯ ನಾಲ್ಕು ಪಟ್ಟು. ಕಾಲು ಕೆಜಿ ತಗೊಂಡು, ಆ ಶನಿವಾರ ಮೂಡಿಗೆರೆ ಹತ್ತಿರ ಇರುವ ಸೋದರಮಾವನ ಮನೆಗೆ ಹೋಗುವಾಗ ಹೆಮ್ಮೆಯಿಂದ ಬ್ಯಾಗಿಗೆ ಹಾಕಿಕೊಂಡೆ. ಕಾಫಿ ಬೆಳೆಯೋರ ಮನೆಗೆ ಕಾಫಿ ಒಯ್ಯೋದು ಎಂಥ ದಡ್ಡತನ ಅಂತ ಆಗ ಅನ್ನಿಸಲೇ ಇಲ್ಲ.

ಮಾವ ಪೊಟ್ಟಣ ಬಿಚ್ಚಿ ನಾಲ್ಕು ಬೀಜ ಅಂಗೈಗೆ ಸುರಿದುಕೊಂಡು ನೋಡಿದರು. "ಕಾಳು ಚೆನ್ನಾಗಿದೆ" ಅಂದರು. ನಾನು, "ಡಬಲ್ ಎ ಮಾವ, ಟಾಪ್ ಕ್ವಾಲಿಟಿ" ಅಂದೆ. ಅವರು ನಕ್ಕು, "ಅದು ಮಾರ್ಕ್ಸ್ ಅಲ್ಲ ಮಾರಾಯ, ಅಳತೆ. ನಿನ್ನ ಚಪ್ಪಲಿ ನಂಬರ್ ಒಂಬತ್ತು ಅಂದ್ರೆ ನೀನು ಒಳ್ಳೆಯವನು ಅಂತಲಾ?" ಅಂದರು.

ಆ ಮಾತು ತಲೆಯಲ್ಲಿ ಕೂತುಬಿಡ್ತು. ಅಳತೆ ಅಂದಮೇಲೆ ಅದಕ್ಕೆ ಅಷ್ಟು ದುಡ್ಡು ಯಾಕೆ? ಬೀಜ ದೊಡ್ಡದಾದರೆ ರುಚಿ ಹೆಚ್ಚು ಅಂತ ಮೊದಲು ನಂಬಿದವರು ಯಾರು? ಹುಡುಕುತ್ತಾ ಹೋದರೆ ಯೆಮನ್‌ನಿಂದ ಬಾಳೆಹೊನ್ನೂರಿನವರೆಗೆ, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗೆ ಹೋಗಬೇಕಾಯ್ತು.

ಮೊದಲು ಅಳತೆಯ ಲೆಕ್ಕ ಮುಗಿಸಿಬಿಡೋಣ. ಕಾಫಿ ಜರಡಿಗಳಿಗೆ ನಂಬರ್ ಇರುತ್ತೆ. ಒಂದು ಇಂಚನ್ನು 64 ಪಾಲು ಮಾಡಿದರೆ, ಅದರಲ್ಲಿ 18 ಪಾಲಿನಷ್ಟು ಅಗಲದ ದುಂಡು ತೂತಿರುವ ಜರಡಿ 18ನೇ ನಂಬರಿನದು, ಅಂದ್ರೆ ಸುಮಾರು 7.1 ಮಿಲಿಮೀಟರ್. ಆ ತೂತಿನಿಂದ ಕೆಳಗೆ ಬೀಳದೆ ಮೇಲೇ ಉಳಿದದ್ದು ಪ್ಲಾಂಟೇಶನ್ ಎಎ. ಅದರಿಂದ ಜಾರಿ 17ನೇ ನಂಬರಿನ ಮೇಲೆ, ಅಂದ್ರೆ 6.65 ಮಿಲಿಮೀಟರಿಗೆ ನಿಂತದ್ದು ಎ. 6 ಮಿಲಿಮೀಟರಿಗೆ ನಿಂತದ್ದು ಬಿ, 5.5ಕ್ಕೆ ನಿಂತದ್ದು ಸಿ. ಇನ್ನು 'ಮೈಸೂರ್ ನಗೆಟ್ಸ್ ಎಕ್ಸ್‌ಟ್ರಾ ಬೋಲ್ಡ್' ಅಂತ ಕೇಳಿರ್ತೀರಿ, ಅದು 7.5 ಮಿಲಿಮೀಟರಿನದು. 'ಪ್ಲಾಂಟೇಶನ್' ಅಂದ್ರೆ ತೋಟ ಅಂತಲೂ ಅಲ್ಲ. ಹಣ್ಣಿನ ಸಿಪ್ಪೆ ತೆಗೆದು, ಲೋಳೆ ತೊಳೆದು ಒಣಗಿಸಿದ ಅರೇಬಿಕಾಕ್ಕೆ ನಮ್ಮ ದೇಶದ ವ್ಯಾಪಾರದಲ್ಲಿರುವ ಹೆಸರು. ಹಣ್ಣನ್ನು ಸಿಪ್ಪೆ ಸಮೇತ ಕಣದಲ್ಲಿ ಒಣಗಿಸಿದರೆ ಅದು 'ಚೆರ್ರಿ'. ಎಎ ಆಗಲಿ ಸಿ ಆಗಲಿ, ಒಂದೇ ಗಿಡದ ಒಂದೇ ರೆಂಬೆಯಲ್ಲಿ ಅಕ್ಕಪಕ್ಕ ಹಣ್ಣಾದ ಬೀಜಗಳಿರಬಹುದು. ಹೊಟ್ಟು ಸುಲಿದ ಮೇಲೆ, ಕಪ್ಪು ಬೀಜ, ಒಡಕು ಬೀಜ, ಹುಳ ಹಿಡಿದದ್ದನ್ನು ಬೇರೆ ಮಾಡ್ತಾರೆ ನಿಜ. ಆದರೆ ಎ, ಬಿ, ಸಿ ಅನ್ನುವ ಅಕ್ಷರ ಕೊಡೋದು ಜರಡಿಯೇ. ನಾಲಿಗೆಗೆ ಅಲ್ಲಿ ಕೆಲಸ ಇಲ್ಲ.

ವಿಚಿತ್ರ ಅಂದ್ರೆ, ಈ ಕಥೆ ಶುರುವಾಗೋದು ಸಣ್ಣ ಬೀಜದಿಂದ.

ಬಾಬಾ ಬುಡನ್ ಮೆಕ್ಕಾ ಯಾತ್ರೆಯಿಂದ ವಾಪಸಾಗುವಾಗ ಯೆಮನ್‌ನಿಂದ ಏಳು ಕಾಫಿ ಬೀಜ ಅಡಗಿಸಿ ತಂದು ಚಂದ್ರದ್ರೋಣ ಬೆಟ್ಟದಲ್ಲಿ ನೆಟ್ಟರು ಅನ್ನೋ ಕಥೆ ನಮ್ಮೆಲ್ಲರಿಗೂ ಬಾಯಿಪಾಠ. 17ನೇ ಶತಮಾನದ ಮಾತು. 1670ರ ಆಸುಪಾಸು ಅಂತ ಸಾಮಾನ್ಯವಾಗಿ ಹೇಳ್ತಾರೆ. ಏಳು ಅನ್ನೋದು ಕಥೆಗೆ ಒಪ್ಪುವ ಸಂಖ್ಯೆ, ಅಷ್ಟೇ ಇತ್ತಾ ಅಂತ ಎಣಿಸಿದವರಿಲ್ಲ. ಆದರೆ ಆ ಕಾಲದಲ್ಲಿ ಲೋಕದ ವ್ಯಾಪಾರದ ಕಾಫಿ ಬಹುಮಟ್ಟಿಗೆ ಯೆಮನ್‌ನ ಮೋಖಾದಂಥ ಬಂದರುಗಳಿಂದಲೇ ಹೊರಡುತ್ತಿತ್ತು. ಯೆಮನ್‌ನ ಬೀಜ ನೋಡಿದ್ದೀರಾ? ಸಣ್ಣದು, ಗಿಡ್ಡ, ಒಂದರಂತೆ ಒಂದಿಲ್ಲ. ಇವತ್ತಿನ ನಮ್ಮ ಜರಡಿಗೆ ಹಾಕಿದರೆ ಬಹುಪಾಲು ಎ ದರ್ಜೆಯ ತೂತಿನಿಂದ ಕೆಳಗೆ ಬೀಳುತ್ತೆ. ಯುರೋಪಿನ ಶ್ರೀಮಂತರು ನೂರಾರು ವರ್ಷ ಅತಿ ಹೆಚ್ಚು ದುಡ್ಡು ಕೊಟ್ಟು ಕುಡಿದದ್ದು ಅದನ್ನೇ. ಡಚ್ಚರು ಜಾವಾದಲ್ಲಿ, ಫ್ರೆಂಚರು ಕೆರಿಬಿಯನ್ ದ್ವೀಪಗಳಲ್ಲಿ ಬೆಳೆಸಿ ಮಾರುಕಟ್ಟೆಗೆ ರಾಶಿ ಹಾಕಿದ ಮೇಲೂ 'ಮೋಖಾ' ಅನ್ನೋ ಹೆಸರಿಗೆ ಬೇರೆಯೇ ಬೆಲೆ. ಎಷ್ಟರಮಟ್ಟಿಗೆ ಅಂದ್ರೆ, ಬೇರೆ ದೇಶಗಳ ಸಣ್ಣ, ದುಂಡು ಬೀಜಗಳನ್ನು ಆರಿಸಿ ಮೋಖಾ ಅಂತ ಮಾರುವ ಕಳ್ಳ ವ್ಯಾಪಾರವೂ ನಡೆಯುತ್ತಿತ್ತು. ಸಣ್ಣದೇ ಶ್ರೇಷ್ಠ ಅಂತ ಜನ ನಂಬಿದ್ದ ಕಾಲವೂ ಒಂದಿತ್ತು ಅಂತ ತಿಳಿದಾಗ ನನಗೆ ನಗು ಬಂತು. ಆಗಲೂ ಕಣ್ಣೇ ನಂಬಿದ್ದು, ನಾಲಿಗೆಯಲ್ಲ.

ದೊಡ್ಡ ಬೀಜದ ಹುಚ್ಚು ಹಿಡಿದದ್ದು ಎಸ್ಟೇಟುಗಳ ಕಾಲದಲ್ಲಿ. 19ನೇ ಶತಮಾನದ ಮೊದಲರ್ಧದಲ್ಲಿ ಬ್ರಿಟಿಷರು ಚಿಕ್ಕಮಗಳೂರು, ಮಂಜರಾಬಾದ್, ಆಮೇಲೆ ಕೊಡಗಿನ ಕಾಡು ಕಡಿದು ತೋಟ ಮಾಡಿದರು. ಬೆಳೆ ಮಾರೋದು ಲಂಡನ್ನಿನಲ್ಲಿ. ತೋಟದಲ್ಲಿ ಪಲ್ಪ್ ಮಾಡಿ, ಪಾರ್ಚ್‌ಮೆಂಟ್ ಹೊಟ್ಟಿನ ಸಮೇತವೇ ಘಾಟಿ ಇಳಿಸಿ ಮಂಗಳೂರು, ತಲಶ್ಶೇರಿ, ಕೋಳಿಕ್ಕೋಡಿಗೆ ಎತ್ತಿನ ಗಾಡಿಯಲ್ಲಿ ಕಳಿಸೋರು. ಮಲೆನಾಡಿನ ಚಳಿಗಾಲದ ಮಂಜಿಗಿಂತ ಕರಾವಳಿಯ ಬಿಸಿಲು ಬೀಜವನ್ನು ಚೆನ್ನಾಗಿ ಒಣಗಿಸುತ್ತೆ, ಹಡಗೂ ಅಲ್ಲೇ. ಹಾಗಾಗಿ ಕ್ಯೂರಿಂಗ್ ವರ್ಕ್ಸ್ ಹುಟ್ಟಿಕೊಂಡದ್ದು ಸಮುದ್ರದ ದಂಡೆಯಲ್ಲಿ. ಅಲ್ಲಿ ಹೊಟ್ಟು ಸುಲಿದು, ಜರಡಿ ಹಿಡಿದು, ಸಾಲಾಗಿ ಕೂತ ಹೆಂಗಸರು ಒಂದೊಂದೇ ಕೆಟ್ಟ ಬೀಜ ಹೆಕ್ಕೋರು. ಈ ಹೆಕ್ಕುವ ಕೆಲಸಕ್ಕೆ ಈಗಲೂ 'ಗಾರ್ಬ್ಲಿಂಗ್' ಅಂತಾರೆ. ಬಣ್ಣ ನೋಡಿ ಆರಿಸುವ ಯಂತ್ರ ಬರುವವರೆಗೆ ಭಾರತದ ಕಾಫಿಯ ಮರ್ಯಾದೆ ಉಳಿಸಿದ್ದು ಈ ಹೆಂಗಸರ ಕಣ್ಣು ಮತ್ತು ಬೆರಳು. ಅವರ ಹೆಸರು ಯಾವ ಪೊಟ್ಟಣದ ಮೇಲೂ ಬರಲಿಲ್ಲ, ಬಿಡಿ.

ಈಗ ಲಂಡನ್ನಿನ ವ್ಯಾಪಾರಿಯ ಜಾಗದಲ್ಲಿ ನಿಂತು ನೋಡಿ. ಮುಂದೆ ಹತ್ತಾರು ದೇಶಗಳ ಹಸಿ ಬೀಜದ ಮಾದರಿಗಳು. ಕೊಳ್ಳುವ ಮುಂಚೆ ಒಂದೊಂದನ್ನೂ ಹುರಿದು, ಪುಡಿ ಮಾಡಿ, ಕುಡಿದು ನೋಡುವ ಪದ್ಧತಿ ಇನ್ನೂ ಬೇರೂರಿರಲಿಲ್ಲ. ಕೈಗೆ ಸಿಗೋದು ಬಣ್ಣ, ಆಕಾರ, ಗಾತ್ರ, ವಾಸನೆ. ದಪ್ಪ, ಒಂದೇ ಸಮನಾದ, ನೀಲಿ-ಹಸಿರು ಬಣ್ಣದ ಬೀಜ ಕಂಡರೆ 'ಚೆನ್ನಾಗಿ ಸಾಕಿದ ತೋಟದ್ದು, ಎಚ್ಚರದಿಂದ ಒಣಗಿಸಿದ್ದು' ಅಂತ ಲೆಕ್ಕ. ಅದು ಪೂರ್ತಿ ತಪ್ಪು ಲೆಕ್ಕವೇನಲ್ಲ. ನೀರು, ಗೊಬ್ಬರ, ನೆರಳು ಸರಿಯಾಗಿ ಸಿಕ್ಕ ಗಿಡದಲ್ಲಿ ಕಾಳು ತುಂಬಿಕೊಳ್ಳುತ್ತೆ. ಬಡಕಲು ಗಿಡದಲ್ಲಿ ಜೊಳ್ಳು ಹೆಚ್ಚು. ಅಂದ್ರೆ ಗಾತ್ರ ಅನ್ನೋದು ಆರೈಕೆಯ ಗುರುತು. ಬರಬರುತ್ತಾ ಗುರುತನ್ನೇ ಗುಣ ಅಂದುಕೊಂಡರು.

ಈ ನಂಬಿಕೆಗೆ ಮೊದಲ ಏಟು ಬಿದ್ದದ್ದು ನಮ್ಮ ಕಡೆಯಿಂದಲ್ಲ. 19ನೇ ಶತಮಾನದ ಕೊನೆಯ ಭಾಗದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕ್ಲಾರೆನ್ಸ್ ಬಿಕ್‌ಫರ್ಡ್ ಅಂತೊಬ್ಬ ಕಾಫಿ ದಲ್ಲಾಳಿ ಇದ್ದ. ಮಧ್ಯ ಅಮೆರಿಕದ ಕಾಫಿ ಆ ಬಂದರಿಗೆ ಬರುತ್ತಿತ್ತು. ಗ್ವಾಟೆಮಾಲದ ಎತ್ತರದ ಪ್ರದೇಶದ ಬೀಜ ಸಣ್ಣದು ಅನ್ನೋ ಕಾರಣಕ್ಕೆ ಅದಕ್ಕೆ ಕಮ್ಮಿ ಬೆಲೆ. ಬಿಕ್‌ಫರ್ಡ್ ಬೀಜದ ಮುಖ ನೋಡೋದು ಬಿಟ್ಟು ಲೋಟಕ್ಕೆ ಹಾಕಿ ರುಚಿ ನೋಡಿದ. ಕಡಿಮೆ ಬೆಲೆಯ ಆ ಸಣ್ಣ ಬೀಜವೇ ಲೋಟದಲ್ಲಿ ದಪ್ಪ ಬೀಜಕ್ಕಿಂತ ಚೆನ್ನಾಗಿತ್ತು. ರುಚಿ ನೋಡಿ ಕೊಳ್ಳುವ ಪದ್ಧತಿ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೇರು ಬಿಡೋಕೆ ಅವನ ಈ ಕೆಲಸ ಒಂದು ಕಾರಣ ಆಯ್ತು. ಇವತ್ತಿಗೂ ಗ್ವಾಟೆಮಾಲ, ಕೋಸ್ಟರಿಕಾಗಳಲ್ಲಿ ದರ್ಜೆ ಹೇಳೋದು ಬೆಳೆದ ಎತ್ತರದ ಮೇಲೆ. ಇಥಿಯೋಪಿಯಾದಲ್ಲಿ ದೋಷಗಳ ಎಣಿಕೆ ಮತ್ತು ಕಪ್ಪಿನ ರುಚಿಯ ಮೇಲೆ. ಕೀನ್ಯಾ, ಕೊಲಂಬಿಯಾ ಮತ್ತು ನಮ್ಮಂಥ ದೇಶಗಳು ಇನ್ನೂ ಜರಡಿ ಹಿಡಿದುಕೊಂಡೇ ಇವೆ. ಕೀನ್ಯಾದ ಎಎ, ಕೊಲಂಬಿಯಾದ ಸುಪ್ರೀಮೊ, ನಮ್ಮ ಎಎ, ಮೂರೂ ಹೇಳೋದು ಗಾತ್ರದ ಮಾತನ್ನೇ.

ಎತ್ತರಕ್ಕೂ ಸಣ್ಣ ಬೀಜಕ್ಕೂ ಏನು ಸಂಬಂಧ? ಇಲ್ಲೇ ನನಗೆ ಗಂಟು ಬಿಚ್ಚಿಕೊಂಡದ್ದು. ತಂಪು ಜಾಗದಲ್ಲಿ ಕಾಫಿ ಹಣ್ಣು ನಿಧಾನಕ್ಕೆ ಮಾಗುತ್ತೆ. ನಿಧಾನಕ್ಕೆ ಮಾಗಿದ ಬೀಜ ಒತ್ತಾಗಿ ಕಟ್ಟಿಕೊಳ್ಳುತ್ತೆ, ಅಂದ್ರೆ ಸಾಂದ್ರತೆ ಹೆಚ್ಚು, ಸಕ್ಕರೆ ಮತ್ತು ಹುಳಿ ಎರಡೂ ಕೂಡಿಕೊಳ್ಳೋಕೆ ಸಮಯ ಸಿಗುತ್ತೆ. ಲೋಟದ ರುಚಿಗೆ ಮುಖ್ಯವಾದದ್ದು ಈ ಗಟ್ಟಿತನ. ಹೊರಗಿನ ಅಗಲ ಅಲ್ಲ. ಬೀಜ ದೊಡ್ಡದಾಗಿಯೂ ಗಟ್ಟಿಯಾಗಿಯೂ ಇದ್ದರೆ ಭೇಷ್. ದೊಡ್ಡದಾಗಿ ಟೊಳ್ಳಾಗಿದ್ದರೆ? ಬ್ರೆಜಿಲ್‌ನ ಮರಗೋಜಿಪೆ ಅನ್ನೋ ಊರಿನಲ್ಲಿ 1870ರ ಸುಮಾರಿಗೆ ತಾನಾಗೇ ಹುಟ್ಟಿದ ತಳಿಯೊಂದಿದೆ, ಅದರ ಬೀಜ ಎಷ್ಟು ದಪ್ಪ ಅಂದ್ರೆ 'ಆನೆ ಬೀಜ' ಅಂತಲೇ ಹೆಸರು. ಗಾತ್ರವೇ ರುಚಿಯಾಗಿದ್ದರೆ ಅದು ಲೋಕದ ರಾಜ ಆಗಬೇಕಿತ್ತು. ಆಗಲಿಲ್ಲ.

ಇನ್ನೂ ಒಳ್ಳೆಯ ಉದಾಹರಣೆ ನಮ್ಮ ಮಂಗಳೂರಿನಲ್ಲೇ ಇದೆ. ಹಾಯಿ ಹಡಗುಗಳ ಕಾಲದಲ್ಲಿ ಮಲಬಾರ್ ಕರಾವಳಿಯ ಕಾಫಿ ಆಫ್ರಿಕಾ ಸುತ್ತಿ ಯುರೋಪು ಸೇರೋಕೆ ತಿಂಗಳುಗಟ್ಟಲೆ ಬೇಕಿತ್ತು. ಹಡಗಿನ ಹೊಟ್ಟೆಯ ತೇವಕ್ಕೆ ಬೀಜ ಊದಿ, ಹಸಿರು ಹೋಗಿ ಹೊಂಬಣ್ಣಕ್ಕೆ ತಿರುಗಿ, ಹುಳಿಯೆಲ್ಲ ಇಳಿದುಹೋಗುತ್ತಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, ಉಗಿ ಹಡಗು ಬಂತು, ಕಾಫಿ ಬೇಗ ತಲುಪಿತು, ಹಸಿರಾಗಿಯೇ ತಲುಪಿತು. ಯುರೋಪಿನ ಕೆಲವು ಗಿರಾಕಿಗಳು 'ನಮ್ಮ ಹಳೇ ಕಾಫಿ ಎಲ್ಲಿ' ಅಂದರು! ಅವರಿಗೋಸ್ಕರ ಮಂಗಳೂರಿನ ಗೋದಾಮುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲದ ಗಾಳಿಗೆ ಬೀಜ ಹರವಿ, ಕೈಯಾಡಿಸುತ್ತಾ, ಬೇಕಂತಲೇ ಊದಿಸುವ ಪದ್ಧತಿ ಬಂತು. ಅದೇ ಮಾನ್ಸೂನ್ಡ್ ಮಲಬಾರ್. ಬೀಜ ದೊಡ್ಡದಾಗುತ್ತೆ, ಒಳಗೆ ಹಗುರಾಗುತ್ತೆ. ಲೋಟದಲ್ಲಿ ಹುಳಿಯಿಲ್ಲದ, ಮಂದವಾದ, ಸ್ವಲ್ಪ ಮಣ್ಣುವಾಸನೆಯ ಕಾಫಿ. ಅದನ್ನೇ ಮೆಚ್ಚುವವರಿದ್ದಾರೆ, ನನಗೆ ಅಷ್ಟಕ್ಕಷ್ಟೇ. ಬೀಜ ಊದಿದರೂ ರುಚಿ ಹೆಚ್ಚೂ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ, ಬೇರೆಯೇ ಆಯ್ತು ಅನ್ನೋದನ್ನ ನೆನಪಿಟ್ಟುಕೊಳ್ಳಿ.

ಮಲೆನಾಡಿಗೆ ವಾಪಸ್ ಬರೋಣ. ಬಾಬಾ ಬುಡನ್ ಕಾಲದಿಂದ ಬಂದ ಹಳೆಯ ತಳಿಗೆ ಪ್ಲಾಂಟರುಗಳು 'ಚಿಕ್' ಅಂತಿದ್ದರು, ಚಿಕ್ಕಮಗಳೂರಿನ ಚಿಕ್. (ಚಿಕ್ಕ ಬೀಜದ ಚಿಕ್ ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ.) 1860ರ ದಶಕದಲ್ಲಿ ಬರ ಬಂತು, ಕಾಂಡಕೊರಕ ಹುಳ ಬಂತು, ಆ ತಳಿ ನೆಲಕಚ್ಚಿತು. ಮಂಜರಾಬಾದಿನಲ್ಲಿ ತೋಟ ಮಾಡಿಕೊಂಡಿದ್ದ ರಾಬರ್ಟ್ ಎಲಿಯಟ್ 1894ರಲ್ಲಿ ಪ್ರಕಟಿಸಿದ 'ಗೋಲ್ಡ್, ಸ್ಪೋರ್ಟ್ ಅಂಡ್ ಕಾಫಿ ಪ್ಲಾಂಟಿಂಗ್ ಇನ್ ಮೈಸೂರ್' ಪುಸ್ತಕದಲ್ಲಿ ಚಿಕ್ ಹೋಗಿ ಕೊಡಗಿನ ಬೀಜ ಬಂದ ಕಥೆ ಇದೆ. ಅದೇ ಹೊತ್ತಿಗೆ, 1869ರಲ್ಲಿ, ಸಿಲೋನ್‌ನಲ್ಲಿ ಎಲೆ ತುಕ್ಕು ರೋಗ ಕಾಣಿಸಿಕೊಂಡು ಮುಂದಿನ ಇಪ್ಪತ್ತು ವರ್ಷದಲ್ಲಿ ಅಲ್ಲಿಯ ಕಾಫಿಯನ್ನೇ ಮುಗಿಸಿ ಟೀ ತೋಟ ಮಾಡಿಸಿತು. ನಮ್ಮಲ್ಲಿ ನೆರಳಿನ ಮರಗಳ ಕೆಳಗೆ ಬೆಳೆಯುತ್ತಿದ್ದ ಕಾಫಿ ಹೇಗೋ ಉಳಿಯಿತು. ಇದಾದ ಮೇಲೆ ತಳಿ ಹುಡುಕಾಟವೇ ದೊಡ್ಡ ಕೆಲಸ ಆಯ್ತು. 20ನೇ ಶತಮಾನದ ಮೊದಲ ಭಾಗದಲ್ಲಿ ದೊಡ್ಡೇನಗುಡ್ಡ ಎಸ್ಟೇಟಿನಲ್ಲಿ ಕೆಂಟ್ ಎಂಬ ಪ್ಲಾಂಟರ್ ಆರಿಸಿದ 'ಕೆಂಟ್ಸ್' ಬಂತು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಸಂಶೋಧನಾ ಕೇಂದ್ರ ಶುರುವಾಯ್ತು, 1940ರ ದಶಕದ ನಡುವೆ ಅಲ್ಲಿಂದ ಎಸ್. 795 ಹೊರಬಂತು.

ಮಾವನ ತೋಟದಲ್ಲಿರೋದೂ ಅದೇ 795. ಅದರ ತಾಯಿ ಎಸ್. 288, ಅರೇಬಿಕಾ ಮತ್ತು ಲೈಬೀರಿಕಾದ ರಕ್ತ ಎರಡೂ ಇರುವಂಥದ್ದು. ಇನ್ನೊಂದು ಕಡೆ ಕೆಂಟ್ಸ್. ರೋಗಕ್ಕೆ ಒಂದಿಷ್ಟು ತಡೆ ಇತ್ತು, ಇಳುವರಿ ಇತ್ತು, ಜೊತೆಗೆ ಕಾಳು ದಪ್ಪ. ಅರ್ಧಕ್ಕಿಂತ ಹೆಚ್ಚು ಬೀಜ ಎ ದರ್ಜೆಗೆ ಬರುತ್ತೆ ಅನ್ನೋದು ಬೆಳೆಗಾರರು ಅದನ್ನು ಅಪ್ಪಿಕೊಳ್ಳೋಕೆ ಒಂದು ಮುಖ್ಯ ಕಾರಣ. ತಳಿ ತಜ್ಞರ ಪಟ್ಟಿಯಲ್ಲಿ ರೋಗನಿರೋಧಕ ಶಕ್ತಿ, ಇಳುವರಿಗಳ ಪಕ್ಕ 'ಶೇಕಡಾ ಎಷ್ಟು ಎ' ಅನ್ನೋ ಕಾಲಮ್ಮು ಕಾಯಂ ಆಯ್ತು. ಅಂದ್ರೆ ಜರಡಿ ಈಗ ಗಿಡದ ವಂಶದೊಳಗೂ ಕೈಹಾಕಿತ್ತು. 795ರ ರುಚಿಯೂ ಚೆನ್ನಾಗಿದ್ದದ್ದು ನಮ್ಮ ಪುಣ್ಯ.

ಆಮೇಲೆ ಬಂದದ್ದು ಪೂಲ್. ನಮ್ಮ ತಲೆಮಾರಿನವರಿಗೆ ಕಾಫಿ ಬೋರ್ಡ್ ಅಂದ್ರೆ ವಿಧಾನಸೌಧದ ಪಕ್ಕದ ಕಟ್ಟಡ, ಮೆಟ್ರೋ ಸ್ಟೇಷನ್ನಿನ ಗುರುತು. ಮಾವನ ತಲೆಮಾರಿಗೆ ಅದು ಜೀವನ. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿಹೋಗಿ, ಕಾಫಿ ಕೊಳ್ಳೋರೇ ಇಲ್ಲದಾಗ ಸರ್ಕಾರ ಮಧ್ಯೆ ಬಂತು. 1942ರ ಕಾಫಿ ಕಾಯ್ದೆಯಡಿ, ಮನೆ ಖರ್ಚಿಗೆ ಬೇಕಾದಷ್ಟು ಇಟ್ಟುಕೊಂಡು ಉಳಿದ ಬೆಳೆಯನ್ನೆಲ್ಲ ಬೆಳೆಗಾರ ಬೋರ್ಡಿನ ಪೂಲಿಗೆ ಒಪ್ಪಿಸಬೇಕು. ತನ್ನ ಕಾಫಿಯನ್ನು ತಾನೇ ಮಾರಿದರೆ ಅಪರಾಧ. ಕ್ಯೂರಿಂಗ್ ವರ್ಕ್ಸಿನಲ್ಲಿ ಜರಡಿ ಹಿಡಿದು, ಇಂತಿಷ್ಟು ಕೆಜಿ ಎ, ಇಂತಿಷ್ಟು ಪೀಬೆರಿ, ಇಂತಿಷ್ಟು ಬಿ, ಸಿ ಅಂತ ಬರೆದು, ಒಂದೊಂದು ದರ್ಜೆಗೆ ಒಂದಿಷ್ಟು ಪಾಯಿಂಟ್. ಬೋರ್ಡು ಮಾರಿದಂತೆಲ್ಲ ಪಾಯಿಂಟಿಗೆ ಇಷ್ಟು ಅಂತ ಕಂತು ಕಂತಾಗಿ ದುಡ್ಡು. ಮಗಳ ಮದುವೆ ಮುಗಿದು ಮೊಮ್ಮಗಳ ನಾಮಕರಣಕ್ಕೆ ಕೊನೇ ಕಂತು ಬಂತು ಅನ್ನೋ ಜೋಕು ನಮ್ಮ ಕಡೆ ಇದೆ.

ಪೂಲ್ ಇಲ್ಲದಿದ್ದರೆ ಸಣ್ಣ ಬೆಳೆಗಾರರು ಆ ಕಾಲದಲ್ಲಿ ಮುಳುಗಿಹೋಗ್ತಿದ್ದರು ಅಂತ ಮಾವನೇ ಹೇಳ್ತಾರೆ, ನಾನೂ ಒಪ್ತೀನಿ. ಆದರೆ ರುಚಿಯ ದೃಷ್ಟಿಯಿಂದ ನೋಡಿದರೆ ಅಲ್ಲಿ ಆದ ನಷ್ಟ ಬೇರೆ. ಬಾಬಾಬುಡನ್‌ಗಿರಿಯ ನಾಲ್ಕು ಸಾವಿರ ಅಡಿ ಎತ್ತರದಲ್ಲಿ ಬೆಳೆದ ಎ-ಯೂ, ಕೆಳಗೆ ಬಿಸಿಲ ನಾಡಿನಲ್ಲಿ ಬೆಳೆದ ಎ-ಯೂ ಒಂದೇ ರಾಶಿಗೆ ಬೀಳುತ್ತಿದ್ದವು. ಹಣ್ಣು ಮಾಗಿದ ಮೇಲೇ ಕೀಳಿಸಿ, ಅವತ್ತೇ ಪಲ್ಪ್ ಮಾಡಿ, ನೆರಳಲ್ಲಿ ಒಣಗಿಸಿದವನಿಗೂ ಅಷ್ಟೇ ಪಾಯಿಂಟು, ಹಸಿರು-ಕೆಂಪು ಎಲ್ಲ ಒಟ್ಟಿಗೆ ಉದುರಿಸಿದವನಿಗೂ ಹೆಚ್ಚುಕಡಿಮೆ ಅಷ್ಟೇ. ತೋಟದ ಹೆಸರು, ಊರಿನ ಹೆಸರು, ಎತ್ತರ, ಮಣ್ಣು, ಬೆಳೆಗಾರನ ನಿಗಾ, ಎಲ್ಲ ಅಳಿಸಿಹೋಗಿ ಉಳಿದದ್ದು ಒಂದೇ ಗುರುತು, ಜರಡಿಯ ಅಕ್ಷರ. ನಾವು ಗಾಂಧಿ ಬಜಾರಿನಲ್ಲಿ ಇವತ್ತಿಗೂ "ಪ್ಲಾಂಟೇಶನ್ ಎ" ಅಂತ ಕೇಳ್ತೀವಲ್ಲ, ಆ ಭಾಷೆ ಗಟ್ಟಿಯಾದದ್ದು ಈ ಐವತ್ತು ವರ್ಷಗಳಲ್ಲಿ. ಯಾವ ಬೆಟ್ಟದ ಕಾಫಿ ಅಂತ ಕೇಳೋ ಅಭ್ಯಾಸ ನಮಗೆ ಬರಲೇ ಇಲ್ಲ, ಕೇಳಿದ್ದರೂ ಹೇಳೋರು ಇರಲಿಲ್ಲ.

ಪೂಲ್ ಕರಗಿದ್ದು ಬೇಗ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿತ್ತು, ಬೆಲೆ ಕುಸಿಯಿತು. 1991ರಲ್ಲಿ ನಮ್ಮ ದೊಡ್ಡ ಗಿರಾಕಿ ಸೋವಿಯತ್ ಒಕ್ಕೂಟವೇ ಇಲ್ಲವಾಯ್ತು. 1992ರಿಂದ ಬೆಳೆಗಾರರಿಗೆ ಬೆಳೆಯ ಒಂದು ಪಾಲನ್ನು ತಾವೇ ಮಾರುವ ಅವಕಾಶ ಸಿಕ್ಕಿ, 1996ಕ್ಕೆ ಪೂರ್ತಿ ಬಿಡುಗಡೆ ಆಯ್ತು. ತೋಟದ ಹೆಸರಿನಲ್ಲಿ ಕಾಫಿ ಮಾರುವ ಈಗಿನ ಕೆಫೆಗಳೆಲ್ಲ ಆ ಬಾಗಿಲಿನಿಂದ ಒಳಗೆ ಬಂದವು. ಆದರೂ ಪೊಟ್ಟಣದ ಮೇಲೆ ತೋಟದ ಹೆಸರಿನ ಪಕ್ಕ ಹಳೆಯ 'ಎಎ' ಹಾಗೇ ಕೂತಿದೆ. ಯಾಕಂದ್ರೆ ನನ್ನಂಥವರು ಅದನ್ನು ನೋಡಿ ದುಡ್ಡು ಬಿಚ್ತಾರೆ.

ಹಾಗಾದ್ರೆ ಜರಡಿಯಿಂದ ಏನೂ ಉಪಯೋಗ ಇಲ್ವಾ? ಇದೆ, ಹುರಿಯೋರಿಗೆ. ದೊಡ್ಡ ಬೀಜ, ಸಣ್ಣ ಬೀಜ ಒಟ್ಟಿಗೆ ಹುರಿದರೆ ಸಣ್ಣದು ಬೇಗ ಕಾಯುತ್ತೆ. ದೊಡ್ಡದರ ಹೊಟ್ಟೆ ಹದವಾಗುವ ಹೊತ್ತಿಗೆ ಸಣ್ಣದು ಸೀದು ಕಹಿಯಾಗಿರುತ್ತೆ. ಮನೆಯಲ್ಲಿ ಕಡಲೆಬೀಜ ಹುರಿದವರಿಗೆ ಇದು ಹೇಳಿಕೊಡಬೇಕಾಗಿಲ್ಲ. ಒಂದೇ ಅಳತೆಯ ಬೀಜ ಒಂದೇ ಸಮನೆ ಬೇಯುತ್ತೆ. ಎ ಮಾತ್ರ ಹುರಿದರೂ ಸರಿ, ಬಿ ಮಾತ್ರ ಹುರಿದರೂ ಸರಿ, ಕಲಸಬಾರದು ಅಷ್ಟೇ. ಗಾತ್ರದಿಂದ ಲೋಟಕ್ಕೆ ನೇರವಾಗಿ ಬರುವ ಪರಿಣಾಮ ಅಂದ್ರೆ ಮುಖ್ಯವಾಗಿ ಇದೇ.

ಪೀಬೆರಿಯ ಕಥೆ ಸ್ವಲ್ಪ ಬೇರೆ. ಸಾಮಾನ್ಯವಾಗಿ ಒಂದು ಹಣ್ಣಿನಲ್ಲಿ ಎರಡು ಬೀಜ ಬೆನ್ನಿಗೆ ಬೆನ್ನು ಹಾಕಿ ಬೆಳೆಯುತ್ತವಲ್ಲ, ಅದಕ್ಕೇ ಒಂದು ಪಕ್ಕ ಚಪ್ಪಟೆ. ಎರಡರಲ್ಲಿ ಒಂದು ಬೆಳೆಯದೇ ಹೋದರೆ ಉಳಿದದ್ದು ಇಡೀ ಜಾಗ ಆಕ್ರಮಿಸಿ ದುಂಡಗಾಗುತ್ತೆ. ಬೆಳೆಯಲ್ಲಿ ಹತ್ತರಲ್ಲೊಂದು ಪಾಲೋ ಇನ್ನೂ ಕಡಿಮೆಯೋ ಇರುತ್ತೆ. ಉದ್ದ ತೂತಿನ ಜರಡಿಯಲ್ಲಿ ಬೇರೆ ಮಾಡ್ತಾರೆ. ಎರಡು ಬೀಜದ ಸತ್ವ ಒಂದಕ್ಕೇ ಸಿಕ್ಕಿದೆ, ಅದಕ್ಕೇ ರುಚಿ ಜಾಸ್ತಿ ಅಂತ ಅಂಗಡಿಯಲ್ಲಿ ಹೇಳ್ತಾರೆ. ಕೇಳೋಕೆ ಚಂದ. ದುಂಡಗಿರೋದರಿಂದ ಹುರಿಯುವ ಡ್ರಮ್ಮಿನಲ್ಲಿ ಚೆನ್ನಾಗಿ ಉರುಳಿ, ಎಲ್ಲ ಕಡೆ ಸಮನಾಗಿ ಬೇಯುತ್ತೆ ಅನ್ನೋದು ಹೆಚ್ಚು ನಂಬಬಹುದಾದ ಕಾರಣ. ಉಳಿದದ್ದು ಅಪರೂಪಕ್ಕೆ ಕೊಡುವ ಬೆಲೆ.

ಇಷ್ಟೆಲ್ಲ ಓದಿದ ಮೇಲೆ ಸುಮ್ಮನಿರೋಕೆ ಆಗಲಿಲ್ಲ. ಕಳೆದ ವರ್ಷ ಮಾವನ ಹತ್ತಿರ ಒಂದೇ ಬ್ಲಾಕಿನ ಕಾಫಿಯನ್ನು ಎ, ಬಿ, ಸಿ ಬೇರೆ ಬೇರೆ ಚೀಲದಲ್ಲಿ ತಂದೆ. ಸಣ್ಣ ರೋಸ್ಟರ್ ಇಟ್ಟುಕೊಂಡಿರುವ ಸ್ನೇಹಿತನೊಬ್ಬ ಮೂರನ್ನೂ ಬೇರೆ ಬೇರೆಯಾಗಿ, ಒಂದೇ ಬಣ್ಣ ಬರುವ ಹಾಗೆ ಹುರಿದ. ಭಾನುವಾರ ಬೆಳಿಗ್ಗೆ ಐದು ಜನ ಅವನ ಅಡುಗೆಮನೆಯಲ್ಲಿ ಸೇರಿದೆವು. ಮೂರು ಲೋಟ, ಎರಡರಲ್ಲಿ ಒಂದೇ ಕಾಫಿ, ಒಂದರಲ್ಲಿ ಬೇರೆ. ಬೇರೆ ಯಾವುದು ಅಂತ ಹೇಳಬೇಕು. ಎ ಮತ್ತು ಬಿ ಇಟ್ಟಾಗ ಐವರೂ ತಡವರಿಸಿದೆವು, ಸರಿ ಹೇಳಿದ್ದಕ್ಕಿಂತ ತಪ್ಪು ಹೇಳಿದ್ದೇ ಹೆಚ್ಚು. ನನ್ನ ಹೆಂಡತಿ, "ಇದರ ಬದಲು ನಾಣ್ಯ ಚಿಮ್ಮಿದ್ರೆ ಆಗ್ತಿತ್ತು" ಅಂದಳು. ಸಿ ಮಾತ್ರ ಗೊತ್ತಾಯ್ತು. ಹಸಿ ಹುಲ್ಲಿನ ಒಗರು, ಕೊನೆಯಲ್ಲಿ ಕಹಿ. ಸಣ್ಣದಾಗಿದ್ದಕ್ಕಲ್ಲ, ಸಿ ಚೀಲದಲ್ಲಿ ಪೂರ್ತಿ ಬಲಿಯದ ಬೀಜಗಳು ಹೆಚ್ಚು ಸೇರಿಕೊಂಡಿರುತ್ತವೆ, ಅದಕ್ಕೆ. ಆಮೇಲೆ ಮೂರನ್ನೂ ಕಲಸಿ ಒಟ್ಟಿಗೆ ಹುರಿದದ್ದನ್ನು ಕುಡಿದೆವು. ಅದು ಎಲ್ಲಕ್ಕಿಂತ ಕೆಟ್ಟದಾಗಿತ್ತು. ಇದೇನು ವಿಜ್ಞಾನ ಅಲ್ಲ, ಭಾನುವಾರದ ಕಾಲಕ್ಷೇಪ. ಅದರಲ್ಲೂ ಹಾಲು, ಸಕ್ಕರೆ, ಚಿಕೋರಿ ಬಿದ್ದಮೇಲೆ ಎ-ಬಿ ವ್ಯತ್ಯಾಸ ಕಂಡುಹಿಡೀತೀನಿ ಅನ್ನೋರಿಗೆ ದೊಡ್ಡ ನಮಸ್ಕಾರ.

ಫೋನಿನಲ್ಲಿ ಮಾವನಿಗೆ ಈ ಫಲಿತಾಂಶ ಹೇಳಿದಾಗ ಅವರು ನಗಲಿಲ್ಲ. ಫೆಬ್ರವರಿ-ಮಾರ್ಚಿನಲ್ಲಿ ಹೂಮಳೆ ಬರಬೇಕು, ಅದಾಗಿ ಕೆಲವು ವಾರಕ್ಕೆ ಇನ್ನೊಂದು ಮಳೆ ಬಿದ್ದು ಕಾಯಿ ಕಚ್ಚಬೇಕು. ಆಮೇಲೆ ಮಳೆಗಾಲದಲ್ಲಿ ಕಾಳು ಹಿಗ್ಗುತ್ತೆ. ಬೀಜದ ಗಾತ್ರ ಬಹುಮಟ್ಟಿಗೆ ಆಗಲೇ ನಿರ್ಧಾರವಾಗೋದು. ಇತ್ತೀಚಿನ ವರ್ಷಗಳಲ್ಲಿ ಮಳೆ ತನಗೆ ತೋಚಿದಾಗ ಬರುತ್ತೆ. ಜೂನ್ ಒಣಗುತ್ತೆ, ಆಗಸ್ಟಿನಲ್ಲಿ ಒಂದೇ ಸಲ ಸುರಿಯುತ್ತೆ, ಹಣ್ಣು ಒಣಗಿಸುವ ಡಿಸೆಂಬರಿನಲ್ಲಿ ಮೋಡ. ಅವರ ತೋಟದಲ್ಲಿ ಎ ಇಳಿದು ಬಿ ಏರುತ್ತಿದೆ. ಗಿಡ ಅದೇ, ನೆರಳು ಅದೇ, ದುಡಿಮೆ ಅಷ್ಟೇ ಅಥವಾ ಹೆಚ್ಚು. ಅಕ್ಷರ ಬದಲಾದ್ದಕ್ಕೆ ಚೀಲಕ್ಕೆ ಸಿಗುವ ದುಡ್ಡು ಕಮ್ಮಿ. "ನೀವು ಪೇಟೆಯವರು ರುಚಿ ನೋಡಿ ಕೊಳ್ತೀರಾ ಅಂತಾದ್ರೆ ಹೇಳು" ಅಂದರು, "ನಾನು ಜರಡಿ ಹಿಡಿಯೋದೇ ಬಿಡ್ತೀನಿ."

"ಹಾಗೆ ಬಿಡಬೇಡಿ ಮಾವ, ಹುರಿಯೋಕೆ ಬೇಕು" ಅಂದೆ.

ಈ ಜನವರಿಯಲ್ಲಿ ಅವರದೇ ಫೋನು ಬಂತು. "ಈ ಸಲ ಬಿ ಜಾಸ್ತಿ ಬಂದಿದೆ ಮಾರಾಯ. ಬಾಬಾಬುಡನ್ ಕಡೆ ಹಣ್ಣಿನಷ್ಟೇ ಚೆನ್ನಾಗಿ ಮಾಗಿಸಿ ಕೀಳ್ಸಿದ್ದೀನಿ. ನಿನ್ನ ಆಫೀಸಿನಲ್ಲಿ ಯಾರಿಗಾದ್ರೂ ಬೇಕಾ ಕೇಳು."

ಗ್ರೂಪಿನಲ್ಲಿ ಮೆಸೇಜ್ ಹಾಕಿದೆ. ಮೊದಲು ಬಂದ ಉತ್ತರ, "ಎ ಇಲ್ವಾ?"

ಉತ್ತರ ಟೈಪ್ ಮಾಡ್ತಾ ಹೋದೆ, ಅದೇ ಇಷ್ಟುದ್ದ ಆಯ್ತು. ಹದಿನಾಲ್ಕು ಕೆಜಿ ಹೋಯ್ತು ಅಂತ ಮಾವನಿಗೆ ಹೇಳಿದ್ದೀನಿ. ಎ ದರ್ಜೆಯ ಬೆಲೆಗೇ.